ಕಂಪ್ಯೂಟರ್ ಎಲ್ಲಿ ನಿಲ್ಲುತ್ತದೆ, ಮೊದಲು ಅದನ್ನು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆ ಹೇಳುತ್ತವೆ: ಆನ್ ಮಾಡಿದರೆ ಅರ್ಧಕ್ಕೆ ನಿಂತುಬಿಡುತ್ತದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಚಿತ್ರದುರ್ಗದಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರಿಗೆ ಏಳು ವರ್ಷ, ವಿಂಡೋಸ್ 10 ಇದೆ. ಒಂದೂವರೆ ತಿಂಗಳಿಂದ ಬೆಳಿಗ್ಗೆ ಆನ್ ಮಾಡಿದರೆ ವಿಂಡೋಸ್ ಗುರುತು ಬರುತ್ತದೆ, ಕೆಳಗೆ ಚುಕ್ಕೆಗಳು ಸುತ್ತುತ್ತವೆ, ಆಮೇಲೆ ಚುಕ್ಕೆಗಳೂ ನಿಲ್ಲುತ್ತವೆ. ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮೂರ್ನಾಲ್ಕು ಸಲ ಹಾಕಿದರೆ ಒಮ್ಮೆ ಬರುತ್ತದೆ. ಬಂದ ಮೇಲೆ ಸಂಜೆವರೆಗೂ ಸರಿ. ಮಧ್ಯಾಹ್ನ ರೀಸ್ಟಾರ್ಟ್ ಕೊಟ್ಟರೂ ಸಲೀಸಾಗಿ ಬರುತ್ತದೆ. ನೋಡಲು ಬಂದ ಹುಡುಗ ‘ಫಾರ್ಮ್ಯಾಟ್ ಹೊಡೆದುಬಿಡೋಣ’ ಅಂದ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕ್ರಯಪತ್ರ, ಬಾಡಿಗೆ ಕರಾರು, ಅಫಿಡವಿಟ್ ಎಲ್ಲ ಅದರಲ್ಲೇ ಇವೆ. ಭಯ ಆಗುತ್ತಿದೆ. ಏನು ಮಾಡಲಿ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ತಂಗೀ, ಫಾರ್ಮ್ಯಾಟ್ ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ನೀವು ಬರೆದ ರೀತಿಯಲ್ಲೇ ಅರ್ಧ ಉತ್ತರ ಇದೆ. ಎಲ್ಲಿ ನಿಲ್ಲುತ್ತದೆ, ಯಾವಾಗ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ, ಮೂರನ್ನೂ ಬರೆದಿದ್ದೀರಿ. ನನ್ನ ಅಂಗಡಿಗೆ ಬರುವವರು ಸಾಮಾನ್ಯವಾಗಿ ‘ಹ್ಯಾಂಗ್ ಆಗ್ತದೆ’ ಅಂತ ಹೇಳಿ ಕೈ ಕಟ್ಟಿ ನಿಲ್ಲುತ್ತಾರೆ. ಆಗ ನಾನೇ ಒಂದೊಂದಾಗಿ ಕೇಳಬೇಕಾಗುತ್ತದೆ.

ಆನ್ ಮಾಡಿದಾಗ ಮೊದಲು ಬೋರ್ಡ್ (ಮದರ್‌ಬೋರ್ಡ್) ಕಂಪನಿಯ ಗುರುತು ಬರುತ್ತದೆ. ಆ ಹೊತ್ತಿಗೆ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಅಲ್ಲೇ ನಿಂತರೆ ರ‍್ಯಾಮ್, ಬೋರ್ಡ್, ಪವರ್, ಇಲ್ಲವೇ ಚುಚ್ಚಿಟ್ಟ ಯಾವುದೋ ಯುಎಸ್‌ಬಿ ಸಾಮಾನಿನ ಕಡೆ ನೋಡಬೇಕು. ಆಮೇಲೆ ಚುಕ್ಕೆಗಳು. ಆಗ ಡಿಸ್ಕಿನಿಂದ ವಿಂಡೋಸ್ ಓದಿಕೊಳ್ಳುವ ಕೆಲಸ ನಡೆದಿರುತ್ತದೆ. ನಿಮ್ಮದು ಇಲ್ಲಿ ನಿಲ್ಲುತ್ತಿದೆ. ಹಾಗಾದರೆ ಡಿಸ್ಕ್ ಅಥವಾ ಡ್ರೈವರ್ (ಪ್ರಿಂಟರಿನಂಥ ಸಾಮಾನನ್ನು ನಡೆಸಲು ವಿಂಡೋಸಿಗೆ ಬೇಕಾದ ತಂತ್ರಾಂಶ) ಮೇಲೆ ಅನುಮಾನ ಜಾಸ್ತಿ. ಪಾಸ್‌ವರ್ಡ್ ಹಾಕಿದ ಮೇಲೆ ನಿಂತರೆ ಅದು ಬೇರೆಯೇ ಕತೆ. ಅದಕ್ಕೆ ಕೆಳಗೆ ಇನ್ನೊಬ್ಬರಿಗೆ ಉತ್ತರ ಕೊಟ್ಟಿದ್ದೇನೆ.

ರಿಪೇರಿಗೆ ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕಂಪ್ಯೂಟರ್ ಬಂದ ತಕ್ಷಣ, ಗಿರಾಕಿ ಕಾಯುತ್ತಿದ್ದರೂ ಸರಿ, ನಿಮ್ಮ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ಕಾಪಿ ಮಾಡಿ. ಡಿ ಡ್ರೈವ್ ಒಂದನ್ನೇ ಕಾಪಿ ಮಾಡಿ ಬಿಡಬೇಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾಡಿದಾಗ ಹೋಗುವುದೇ ಸಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ದಾವಣಗೆರೆಯಲ್ಲಿ ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಮಂಡಿ ವರ್ತಕರ ಕಂಪ್ಯೂಟರ್ ಬಂದಿತ್ತು. ‘ಎಲ್ಲಾ ಡಿ ಡ್ರೈವಲ್ಲಿದೆ, ಹೊಡೀರಿ ಫಾರ್ಮ್ಯಾಟ್’ ಅಂದರು. ನಾನೂ ತೆರೆದು ನೋಡಲಿಲ್ಲ, ಹೊಡೆದೆ. ರೈತರ ಎರಡು ವರ್ಷದ ಲೆಕ್ಕ ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರಿನಲ್ಲಿತ್ತು. ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಆ ಖಾಲಿ ಸ್ಕ್ರೀನ್ ನೋಡುತ್ತಿದ್ದರು. ಆಮೇಲೆ ಚೀಟಿ, ವಹಿ ಎಲ್ಲ ಹುಡುಕಿ ಆ ಲೆಕ್ಕವನ್ನು ಮತ್ತೆ ಬರೆಸಲು ಅವರಿಗೆ ತಿಂಗಳುಗಟ್ಟಲೆ ಬೇಕಾಯಿತು. ಅಂದಿನಿಂದ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಲ್ಡರ್ ಒಂದೊಂದೇ ತೋರಿಸದೆ ನಾನು ಯಾವ ಡಿಸ್ಕನ್ನೂ ಅಳಿಸಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಎಚ್ಚರ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಏನೇನೋ ಇಂಗ್ಲಿಷ್ ಗೀಚು ಕಾಣುತ್ತದೆ. ಫೈಲ್ ಹಾಳಾಗಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಇದೆಯಲ್ಲ, ಅಲ್ಲಿಂದ ನುಡಿ ಫಾಂಟುಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ.

ಕಾಪಿ ಆಯಿತಾ? ಈಗ ರೋಗಕ್ಕೆ ಬರೋಣ. ‘ರೀಸ್ಟಾರ್ಟ್ ಕೊಟ್ಟರೆ ಸಲೀಸಾಗಿ ಬರುತ್ತದೆ’ ಅಂತ ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯ ಅನ್ನಿಸಿತು. ವಿಂಡೋಸ್ 8 ಬಂದಾಗಿನಿಂದ ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಇದೆ. ನೀವು ಸಂಜೆ ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಮುಚ್ಚುವುದಿಲ್ಲ. ವಿಂಡೋಸಿನ ಒಳಭಾಗ ಮತ್ತು ಡ್ರೈವರುಗಳು ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ಡಿಸ್ಕಿನಲ್ಲಿ ಒಂದು ಫೈಲಾಗಿ ಬರೆದಿಡುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬೇಗ ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಹಿಂದಿನ ಸಂಜೆ ಯಾವುದೋ ಡ್ರೈವರ್ ಕೆಟ್ಟ ಸ್ಥಿತಿಯಲ್ಲಿ ಉಳಿದಿದ್ದರೆ ಅದೇ ಬೆಳಿಗ್ಗೆ ವಾಪಸ್ ಬರುತ್ತದೆ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಎರಡು ಮೂರು ಸಂಜೆ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಆಗ ಪೂರ್ತಿ ಮುಚ್ಚುತ್ತದೆ. ಮರುದಿನ ಬೆಳಿಗ್ಗೆ ಒಂದೇ ಸಲಕ್ಕೆ ಬಂದರೆ ಕಳ್ಳ ಸಿಕ್ಕಿದ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಒತ್ತಿ. ಕೆಳಗಿನ ಆಯ್ಕೆಗಳು ಮಸುಕಾಗಿದ್ದರೆ ಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಅಂತ ಶುರುವಾಗುವ ಸಾಲು ಒತ್ತಿ. ಆಮೇಲೆ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಮುಂದಿನ ಟಿಕ್ ತೆಗೆದು ಸೇವ್ ಮಾಡಿ. ಬೆಳಿಗ್ಗೆ ಏಳಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬಹುದು, ಪರವಾಗಿಲ್ಲ.

ಇಷ್ಟು ಮಾಡಿದರೂ ನಿಂತರೆ ಡಿಸ್ಕ್ ನೋಡಿ. ಏಳು ವರ್ಷದ ಹಾರ್ಡ್ ಡಿಸ್ಕ್ ಅಂದರೆ ಅದು ದುಡಿದಿದೆ. ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದಲಾಗದ ಜಾಗ ಸಿಕ್ಕಿದರೆ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ಆಗ ನಮ್ಮ ಕಣ್ಣಿಗೆ ಚುಕ್ಕೆ ನಿಂತಂತೆ ಕಾಣುತ್ತದೆ. ಕ್ಯಾಬಿನೆಟ್ಟಿಗೆ ಕಿವಿ ಇಟ್ಟು ಕೇಳಿ. ಒಂದೇ ಸಮನೆ ಟಕ್, ಟಕ್ ಅಂತಿದ್ದರೆ ಅಂದೇ ಡಿಸ್ಕ್ ಬದಲಿಸಲು ಕೊಡಿ. ಶಬ್ದ ಇಲ್ಲದಿದ್ದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡಿ. ‘ಗುಡ್’ ಅಂತ ನೀಲಿ ಬಂದರೆ ಸಮಾಧಾನ. ಹಳದಿಯಲ್ಲಿ ‘ಕಾಷನ್’ ಬಂದರೆ ಹೊಸ ಡಿಸ್ಕ್ ತರಿಸುವ ಹೊತ್ತು. ಹಾಗೆ ಬಂದಾಗ ವಿಂಡೋಸಿನಲ್ಲೇ ಇರುವ ‘ಚೆಕ್ ಡಿಸ್ಕ್’ ತಪಾಸಣೆ ಓಡಿಸಲು ಹೋಗಬೇಡಿ. ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸಬಹುದು, ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು. ಫೈಲ್ ಕಾಪಿ ಆಗಿದ್ದರೆ ಮಾತ್ರ ಓಡಿಸಿ.

ಡಿಸ್ಕೂ ಸರಿ ಇದ್ದರೆ ಪ್ರಿಂಟರ್, ಸ್ಕ್ಯಾನರ್, ಬೆರಳಿನ ಗುರುತು ತೆಗೆಯುವ ಮಷೀನ್, ಎಲ್ಲ ಕಿತ್ತು ಬರೀ ಕೀಬೋರ್ಡು ಮೌಸಿನಲ್ಲಿ ಒಂದು ಬೆಳಿಗ್ಗೆ ಹಾಕಿ ನೋಡಿ. ಟೈಪಿಂಗ್ ಅಂಗಡಿಗಳಲ್ಲಿ ಎಷ್ಟೋ ಸಲ ಹಳೇ ಪ್ರಿಂಟರಿನ ಡ್ರೈವರೇ ಕಾರಣ ಆಗಿರುತ್ತದೆ. ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದ ಡ್ರೈವರುಗಳಷ್ಟರಲ್ಲೇ ವಿಂಡೋಸ್ ಏಳುವ ವಿಧಾನ) ಚೆನ್ನಾಗಿ ಬಂದು ಮಾಮೂಲಿನಲ್ಲಿ ನಿಂತರೆ ಆ ಅನುಮಾನ ಗಟ್ಟಿಯಾಗುತ್ತದೆ. ಸೇಫ್ ಮೋಡಿಗೆ ಹೋಗಲು ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಡಿ, ನೀಲಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಕೆಲವು ಕಂಪ್ಯೂಟರ್ 48 ಅಂಕಿಯ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳುತ್ತವೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ಕೊನೆಯ ಅನುಮಾನ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯ ಮೇಲೆ. ಅದರೊಳಗಿನ ಕೆಪಾಸಿಟರ್ ಹಳತಾದರೆ ತಣ್ಣಗಿರುವಾಗ ಸರಿಯಾಗಿ ಕರೆಂಟ್ ಕೊಡುವುದಿಲ್ಲ, ಮೂರ್ನಾಲ್ಕು ಸಲ ಹಾಕಿ ಬಿಸಿಯಾದ ಮೇಲೆ ಕೊಡುತ್ತದೆ. ನಿಮ್ಮ ಬೆಳಗಿನ ತೊಂದರೆಗೆ ಇದೂ ಹೊಂದುತ್ತದೆ. ಇದನ್ನು ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ರಿಪೇರಿಯವರಿಗೆ ಹೇಳಿ ಬೇರೆ ಎಸ್‌ಎಂಪಿಎಸ್ ಹಾಕಿಸಿ ಒಂದು ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಡಿಪ್ಲೊಮಾ ವಿದ್ಯಾರ್ಥಿ. ನಮ್ಮ ಮನೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ. ಕಂಪ್ಯೂಟರ್ ಬೋರ್ಡ್ ಕಂಪನಿಯ ಗುರುತಿನಲ್ಲೇ ನಿಲ್ಲುತ್ತದೆ. ಒಮ್ಮೊಮ್ಮೆ ವಿಂಡೋಸ್ ಬಂದರೂ ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಫ್ಯಾನ್ ಜೋರಾಗಿ ಕೂಗುತ್ತದೆ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದ್ದಾಯಿತು.
— ಓದುಗ, ದಾವಣಗೆರೆ

ಉತ್ತರ: ತಮ್ಮಾ, ವಿಂಡೋಸ್ ಏಳುವ ಮೊದಲೇ ನಿಲ್ಲುವುದಕ್ಕೆ ವಿಂಡೋಸ್ ಹೊಸದಾಗಿ ಹಾಕಿಸಿ ಏನು ಫಲ? ಆ ದುಡ್ಡು ಸುಮ್ನೆ ಹೋಯಿತು. ಮನೆ ಎಲ್ಲಿದೆ ಅಂತ ನೀನು ಬರೆದದ್ದು ಒಳ್ಳೆಯದಾಯಿತು.

ನಿಮ್ಮ ಕಡೆಯಿಂದ ಬಂದ ಕ್ಯಾಬಿನೆಟ್ ನಾನು ಬಹಳ ಬಿಚ್ಚಿದ್ದೇನೆ. ಪಕ್ಕದ ತಗಡು ತೆಗೆದರೆ ಮೊದಲು ಹೊಗೆಯ ವಾಸನೆ ಬರುತ್ತದೆ. ಬೋರ್ಡಿನ ಮೇಲೆ ಕಪ್ಪು ಮಸಿ, ಅದರ ಮೇಲೆ ಸಣ್ಣ ಮರಳು, ಭತ್ತದ ಹೊಟ್ಟಿನ ಚೂರು. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದರೆ ಅಸಲಿ ವಿಷಯ ಕಾಣುತ್ತದೆ. ಅದರ ಕೆಳಗಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಗಾಳಿ ಹೋಗಲು ಸಂದು ಇರಬೇಕು. ಅಲ್ಲಿ ಧೂಳು ಒತ್ತಿ ಒತ್ತಿ ಚಳ್ಳಕೆರೆ ಕಂಬಳಿಯ ತುಂಡಿನ ಹಾಗೆ ಕೂತಿರುತ್ತದೆ. ಚಿಮಟದಲ್ಲಿ ಹಿಡಿದೆಳೆದರೆ ಚೌಕಾಕಾರದಲ್ಲೇ ಎದ್ದು ಬರುತ್ತದೆ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಆ ಕಂಬಳಿ ದಾಟುವುದಿಲ್ಲ. ಪ್ರೊಸೆಸರ್ ಕಾಯುತ್ತದೆ, ಸುಮಾರು 100 ಡಿಗ್ರಿ ಮುಟ್ಟಿದಾಗ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ.

ಖಾತ್ರಿ ಮಾಡಿಕೊಳ್ಳಬೇಕಾದರೆ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸ್ (ವಿಂಡೋಸಿಗೂ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್ಸ್) ಒಳಗೆ ಹೋಗು. ಸಿಪಿಯು ಟೆಂಪರೇಚರ್, ಅಂದರೆ ಪ್ರೊಸೆಸರಿನ ಬಿಸಿ, ಅಲ್ಲಿ ಕಾಣುತ್ತದೆ. ಐದು ನಿಮಿಷ ಸುಮ್ನೆ ನೋಡುತ್ತಾ ಕೂರು. 40, 50ರ ಆಸುಪಾಸು ನಿಂತರೆ ಸರಿ. 80 ದಾಟಿ ಏರುತ್ತಲೇ ಇದ್ದರೆ ಬಿಸಿಯೇ ಕಾರಣ.

ಬಿಚ್ಚುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿ. ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿ ಆಮೇಲೆ ಒಳಗೆ ಕೈ ಹಾಕು. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ ಸಾಕು. ಬ್ಲೋಯರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿ, ಗಾಳಿಗೆ ಬಿರ್ರನೆ ತಿರುಗಲು ಬಿಟ್ಟರೆ ಅದರ ಬೇರಿಂಗ್ ಹೋಗುತ್ತದೆ. ಒದ್ದೆ ಬಟ್ಟೆ ಬೇಡ. ಅಲ್ಯೂಮಿನಿಯಂ ಬ್ಲಾಕನ್ನೇ ಎತ್ತಿದರೆ ಹಳೇ ಪೇಸ್ಟ್ ಒರೆಸಿ, ಬಿಸಿ ದಾಟಿಸುವ ಹೊಸ ಥರ್ಮಲ್ ಪೇಸ್ಟನ್ನು ಎರಡು ತೊಗರಿಬೇಳೆಯಷ್ಟು ನಡುವೆ ಇಟ್ಟು ಕೂರಿಸು.

ಹೇಗೂ ಬಿಚ್ಚಿದ್ದೀಯ, ರ‍್ಯಾಮನ್ನೂ ತೆಗೆ. ಅದರ ಬಂಗಾರದ ಬಣ್ಣದ ಅಂಚಿಗೆ ಆ ಮಸಿ ಕೂತಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಚೂರು ಉದುರಿಸಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನುವವರೆಗೂ ಒತ್ತು. ಕಂಪನಿ ಗುರುತಿನಲ್ಲೇ ನಿಲ್ಲುವ ಕಂಪ್ಯೂಟರುಗಳು ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂತದ್ದನ್ನು ನೋಡಿದ್ದೇನೆ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡು, ಕೆಟ್ಟದ್ದು ಯಾವುದು ಅಂತ ತಿಳಿಯುತ್ತದೆ.

ಕ್ಯಾಬಿನೆಟ್ ನೆಲದ ಮೇಲಿದ್ದರೆ ಎತ್ತಿ ಮೇಜಿನ ಮೇಲಿಡು, ಕಿಟಕಿಯಿಂದ ದೂರ. ನಿಮ್ಮ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಈ ಕೆಲಸ ಮಾಡಲೇಬೇಕು. ಇನ್ನೊಂದು ಮಾತು ತಮ್ಮಾ: ಯಂತ್ರದೊಳಗೆ ಅಷ್ಟು ಮಸಿ ಇದ್ದರೆ ಮನೆಯವರ ಎದೆಗೂ ಹೋಗುತ್ತಿರುತ್ತದೆ. ಬ್ರಷ್ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊ, ಅಂಗಳದಲ್ಲಿ ಮಾಡು.

ಪ್ರಶ್ನೆ: ಆನ್ ಮಾಡಿದಾಗಲೆಲ್ಲ ಕಪ್ಪು ಪರದೆ ಬಂದು ಎಫ್1 ಒತ್ತಿ ಅನ್ನುತ್ತದೆ. ಒತ್ತಿದರೆ ಮುಂದೆ ಹೋಗುತ್ತದೆ. ಗಡಿಯಾರ ಯಾವುದೋ ಹಳೇ ವರ್ಷ ತೋರಿಸುತ್ತದೆ.
— ಓದುಗರೊಬ್ಬರು, ಹರಿಹರ

ಉತ್ತರ: ಬೋರ್ಡಿನ ಮೇಲಿನ ಸೆಲ್ ಮುಗಿದಿದೆ, ಅಷ್ಟೇ. ನಾಣ್ಯದಂತಿರುತ್ತದೆ, 3 ವೋಲ್ಟ್, ಸಿಆರ್2032 ಅಂತ ಕೇಳಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹಾಕಿ, ಬಯಾಸಿನಲ್ಲಿ ತಾರೀಖು ತಿದ್ದಿ ಸೇವ್ ಮಾಡಿ. ತಾರೀಖು ತಪ್ಪಿದ್ದರೆ ಬ್ಯಾಂಕಿನ ವೆಬ್‌ಸೈಟುಗಳೂ ತೆರೆಯುವುದಿಲ್ಲ, ಅದೂ ಸರಿಹೋಗುತ್ತದೆ.

ಪ್ರಶ್ನೆ: ಅಮ್ಮಾ, ನಾನು ನಿವೃತ್ತ ಶಿಕ್ಷಕ. ಪಾಸ್‌ವರ್ಡ್ ಹಾಕಿದ ಮೇಲೆ ಹದಿನೈದು ನಿಮಿಷ ಕಂಪ್ಯೂಟರ್ ಅಲುಗಾಡುವುದಿಲ್ಲ. 4 ಜಿಬಿ ರ‍್ಯಾಮ್, ವಿಂಡೋಸ್ 10, ಎರಡು ಆ್ಯಂಟಿವೈರಸ್ ಹಾಕಿಸಿದ್ದೇನೆ. ಹೊಸದು ಕೊಳ್ಳಬೇಕೇ?
— ಓದುಗರೊಬ್ಬರು, ಜಗಳೂರು

ಉತ್ತರ: ಮೇಷ್ಟ್ರೇ, ಈಗಲೇ ಕೊಳ್ಳಬೇಡಿ. ಎರಡು ಆ್ಯಂಟಿವೈರಸ್ ಒಂದು ಇನ್ನೊಂದರ ಫೈಲನ್ನೇ ತಪಾಸಣೆ ಮಾಡುತ್ತಾ ಕೂರುತ್ತವೆ. ಎರಡನ್ನೂ ತೆಗೆದುಬಿಡಿ, ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಕು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸ್ಟಾರ್ಟಪ್ ಅನ್ನುವಲ್ಲಿ ನಿಮಗೆ ಬೇಡದ್ದನ್ನು ಡಿಸೇಬಲ್ ಮಾಡಿ.

ಆಮೇಲೂ ನಿಧಾನ ಅನ್ನಿಸಿದರೆ ಹಾರ್ಡ್ ಡಿಸ್ಕ್ ಬದಲು 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಲ್ಲೇ ಬರೆದಿಡುವ ಡಿಸ್ಕ್) ಹಾಕಿಸಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಓದಿದರೆ, ಸಾಧಾರಣ ಎಸ್‌ಎಸ್‌ಡಿ 500ರ ಆಸುಪಾಸು ಓದುತ್ತದೆ. ಹಳೇ ಡಿಸ್ಕನ್ನು ಬಿಸಾಡದೆ ವಾಪಸ್ ಕೇಳಿ ತೆಗೆದುಕೊಳ್ಳಿ, ನಿಮ್ಮ ಫೋಟೋಗಳು ಅದರಲ್ಲಿವೆ. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಎಸ್‌ಎಸ್‌ಡಿ ಹಾಕಿಸುವಾಗಲೇ ನಿಮ್ಮ ಪ್ರೊಸೆಸರ್ ವಿಂಡೋಸ್ 11ಕ್ಕೆ ಆಗುತ್ತದೆಯೇ ಅಂತ ಕೇಳಿ. ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಇರಬೇಕು, ಬೋರ್ಡಿನಲ್ಲಿ ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಇರಬೇಕು. ಆಗದಿದ್ದರೆ ಪ್ರೊಸೆಸರ್ ಹೆಸರು ಬರೆದು ಇನ್ನೊಂದು ಪತ್ರ ಹಾಕಿ.