ಕಾದಂಬರಿಗ್ಯಾಕೆ ‘ಎ’ ಇಲ್ಲ?

ಪ್ರಶ್ನೆ: ಸಾರ್, ಸಿನಿಮಾಗೆ ‘ಎ’ ಸರ್ಟಿಫಿಕೇಟ್ ಕೊಡ್ತಾರೆ, ಕಾದಂಬರಿಗ್ಯಾಕಿಲ್ಲ? ಲೈಬ್ರರಿಯಿಂದ ತಂದಿರೋದ್ರಲ್ಲಿ ಎಲ್ಲಾ ಬಿಚ್ಚಿ ಬರ್ದವ್ರೆ, ನಮ್ಮತ್ತೆ ಬೇರೆ ದಿಂಬಿನ ಕೆಳಗಿಟ್ಕೊಂಡು ಓದ್ತಾವ್ರೆ!
– ಓದುಗ, ಮಂಡ್ಯ

ಉತ್ತರ: ಓದ್ಲಿ ಬಿಡಿ, ಅವ್ರಿಗೆ 18 ಆಗಿ ಎಷ್ಟ್ ಕಾಲ ಆಯ್ತೋ! ಸೆನ್ಸಾರ್ ಬರೋದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಿಂದ, ಅದು ಸಿನಿಮಾಗಷ್ಟೇ, ಪುಸ್ತಕಕ್ಕೆ ಅಚ್ಚಾಗೋ ಮುಂಚೆ ಆ ಥರ ಯಾರೂ ಸೀಲ್ ಒತ್ತಲ್ಲ. ಅಶ್ಲೀಲ ಅನ್ನಿಸಿದ್ರೆ ಆಮೇಲೆ ಕೇಸ್ ಹಾಕ್ಬೋದು ಅಷ್ಟೇ. ನನ್ ಕೇಳಿದ್ರೆ ಆ ಸೀನ್ ಕಥೆಗೆ ಬೇಕಿತ್ತಾ ಅಂತ ನೋಡಿ, ಬರೀ ಒಗ್ಗರಣೆಗೆ ಹಾಕಿದ್ರೆ ಬೈಯ್ರಿ, ನಾನೂ ಬೈತೀನಿ. ಅಂದಹಾಗೆ ನೀವೂ ಪೂರ್ತಿ ಓದಿದ ಹಾಗಿದೆ?