ಬೈದರೆ ಸಾಲು ಕರಗುವುದಿಲ್ಲ

(ಆಸ್ಪತ್ರೆಯಲ್ಲಿ ನರ್ಸ್ ಆಗಿ, ಆಮೇಲೆ ಅಲ್ಲಿನ ಗುಣಮಟ್ಟ ವಿಭಾಗದಲ್ಲಿ ದುಡಿದು, ಈಗ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನೆಲೆಸಿರುವ ಅಂಕಣಕಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕಾ, ನಾನು ಉಪ್ಪಳದ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಮ್ಯಾನೇಜರ್. ಇಬ್ಬರು ಡಾಕ್ಟರು, ಒಂದು ಲ್ಯಾಬ್, ಒಂದು ಫಾರ್ಮಸಿ ಇದೆ. ತುಂಬಾ ಕಾಯಿಸುತ್ತಾರೆ ಅಂತ ದಿನಾ ದೂರು. ಕೌಂಟರಿನ ಹುಡುಗಿಯರಿಗೆ ಜೋರು ಮಾಡು ಅನ್ನುತ್ತಾರೆ ಯಜಮಾನರು. ಅದೂ ಆಯಿತು. ಒಂದು ವಾರ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಗುಣಮಟ್ಟದ ಸರ್ಟಿಫಿಕೇಟ್ ಮಾಡಿಸಿದರೆ ಸರಿಯಾದೀತಾ?
– ಓದುಗ, ಉಪ್ಪಳ

ಉತ್ತರ: ಮೊದಲು ಜೋರು ಮಾಡುವುದನ್ನು ನಿಲ್ಲಿಸಿ. ಎಷ್ಟು ಗಂಟೆಗೆ ಡಾಕ್ಟರು ಬರುತ್ತಾರೆ, ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ಆ ಹುಡುಗಿಯರು ತೀರ್ಮಾನಿಸುವುದಿಲ್ಲ ಅಲ್ವಾ? 1950ರಲ್ಲಿ ಜಪಾನಿನ ಕಂಪನಿ ಮುಖ್ಯಸ್ಥರಿಗೆ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ಜೀವನವಿಡೀ ಹೇಳಿದ್ದು ಇದನ್ನೇ. ಹೆಚ್ಚಿನ ತಪ್ಪುಗಳು ಹುಟ್ಟುವುದು ಕೆಲಸದ ಏರ್ಪಾಡಿನಲ್ಲಿ. ಅದನ್ನು ಬದಲಾಯಿಸುವ ಅಧಿಕಾರ ಇರುವುದು ಮೇಲೆ ಕೂತವರಿಗೆ. ಈ ಉತ್ತರವನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ.

ಬರುವ ಸೋಮವಾರ ಬಾಗಿಲಲ್ಲೇ ಪ್ರತಿಯೊಬ್ಬರ ಕೈಗೆ ಒಂದು ತುಂಡು ಕಾಗದ ಕೊಡಿ. ಬಂದದ್ದು ಎಷ್ಟು ಗಂಟೆಗೆ, ಹೆಸರು ಬರೆಸಿದ್ದು, ಡಾಕ್ಟರ ಬಳಿ ಹೋದದ್ದು, ರಕ್ತ ಕೊಟ್ಟದ್ದು, ಮದ್ದು ಸಿಕ್ಕಿದ್ದು ಎಷ್ಟಕ್ಕೆ ಅಂತ ಆಯಾ ಜಾಗದಲ್ಲಿ ಇರುವವರು ಗಡಿಯಾರ ನೋಡಿ ಬರೆಯಲಿ. ಸಂಜೆ ಎಲ್ಲವನ್ನೂ ಒಟ್ಟು ಮಾಡಿ. ಸರಾಸರಿ ತೆಗೆದು ಸುಮ್ನೆ ಕೂರಬೇಡಿ. ಎಲ್ಲರಿಗಿಂತ ಜಾಸ್ತಿ ಕಾದವರ ಕಾಗದಗಳನ್ನು ಬೇರೆ ಇಟ್ಟು, ಅವರು ಯಾರು, ಯಾಕೆ ಬಂದಿದ್ದರು ಅಂತ ನೋಡಿ.

ನಾನು ನೋಡಿದ ಕಡೆಯಲ್ಲೆಲ್ಲ ಅವರಲ್ಲಿ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. ರಾತ್ರಿಯಿಂದ ಏನೂ ತಿನ್ನದೆ, ಮೊದಲ ಬಸ್ಸಿಗೆ ಹೊರಟು ಬಂದ ಅಜ್ಜಿ ಜ್ವರ, ಕೆಮ್ಮಿನವರ ಹಿಂದೆ ಹೆಸರು ಬರೆಸಲು ನಿಲ್ಲುತ್ತಾರೆ. ಬರಿ ಹೊಟ್ಟೆಯ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಕಳೆದು ಇನ್ನೊಮ್ಮೆ ಕೊಡಬೇಕು. ಮೊದಲನೆಯದೇ ಹತ್ತೂವರೆಗೆ ಆದರೆ ಆಕೆ ಮನೆ ಸೇರುವುದು ಯಾವಾಗ? ಡಾಕ್ಟರು ಹಿಂದಿನ ಸಲವೇ ಪರೀಕ್ಷೆ ಬರೆದು ಕೊಟ್ಟವರನ್ನು ಬಂದ ಕೂಡಲೇ ಲ್ಯಾಬಿಗೆ ಕಳಿಸಿ. ಹೆಸರು ಆಮೇಲೆ ಬರೆಸಿದರಾಯಿತು, ಟ್ಯೂಬಿನ ಮೇಲೆ ಮಾತ್ರ ಹೆಸರು, ವಯಸ್ಸು ಅಲ್ಲೇ ಬರೆಯಬೇಕು. ಈ ಒಂದೇ ಬದಲಾವಣೆ, ಒಬ್ಬ ಡಾಕ್ಟರ ರೋಗಿಗಳಿಗೆ, ಒಂದು ವಾರ. ಮತ್ತೆ ಅದೇ ಕಾಗದ ಕೊಟ್ಟು ಅಳೆಯಿರಿ. ಫಲ ಕಂಡರೆ ಎಲ್ಲರಿಗೂ ಮಾಡಿ, ಕಾಣದಿದ್ದರೆ ಬಿಟ್ಟು ಬೇರೆಯದನ್ನು ನೋಡಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಬೇಗ ಆಗಬೇಕು ಅಂತ ಲ್ಯಾಬಿನವರನ್ನು ಓಡಿಸಬೇಡಿ. ಸಕ್ಕರೆ ಪರೀಕ್ಷೆಯ ರಕ್ತ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೇ ಹೋಗಬೇಕು. ಸಾದಾ ಟ್ಯೂಬಿನಲ್ಲಿ ಹಾಗೇ ಇಟ್ಟರೆ ರಕ್ತಕಣಗಳೇ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಬೆಳಿಗ್ಗೆ ಕಂಟ್ರೋಲ್ ಸ್ಯಾಂಪಲ್ (ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್) ಓಡಿಸಿ ಮೆಷಿನ್ ಸರಿ ಇದೆ ಅಂತ ನೋಡದೆ ರೋಗಿಯ ಸ್ಯಾಂಪಲ್ ಮುಟ್ಟಬಾರದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ನಡೆಸುವ ಹೊರಗಿನ ಗುಣಮಟ್ಟ ಪರೀಕ್ಷೆಗೂ ಸೇರಿಕೊಳ್ಳಿ. ಅವರು ಕೊಟ್ಟ ಸ್ಯಾಂಪಲ್ ನೀವು ಪರೀಕ್ಷಿಸಿ ಉತ್ತರ ಕಳಿಸಿದರೆ, ಉಳಿದ ಲ್ಯಾಬ್‌ಗಳ ಎದುರು ನಿಮ್ಮದು ಎಲ್ಲಿದೆ ಅಂತ ತಿಳಿಯುತ್ತದೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನನ್ನ ಮನಸ್ಸಿನಲ್ಲಿ ಇದು ಕಾಯುವುದಕ್ಕಿಂತಲೂ ದೊಡ್ಡದು. ನಿಮ್ಮ ಮದ್ದಿನ ಕವರಿನ ಮೇಲೆ ಏನು ಬರೆದಿದೆ? ಈ ಕಡೆ ಬಹಳ ಕಡೆ ಮಲಯಾಳದಲ್ಲಿ ಮಾತ್ರ ಇರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಅದನ್ನು ಓದಲು ಬರುವುದಿಲ್ಲ. ಎರಡು ಹೊತ್ತಿನ ಮಾತ್ರೆಯನ್ನು ಮೂರು ಹೊತ್ತು ನುಂಗಿದರೆ ಡಾಕ್ಟರ ಜಾಣತನ, ಲ್ಯಾಬಿನ ನಿಖರತೆ ಎಲ್ಲ ನೀರಿಗೆ ಹೋಯಿತು. ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿಸಿ. ಓದಲು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಇರಲಿ. ಮದ್ದು ಕೊಡುವವರು ತುಳುವಿನಲ್ಲೋ ಬ್ಯಾರಿಯಲ್ಲೋ ಮಲಯಾಳದಲ್ಲೋ, "ಇದನ್ನು ಹೇಗೆ ತಕೊಳ್ತೀರಿ, ನನಗೊಮ್ಮೆ ಹೇಳಿ" ಅಂತ ಕೇಳಲಿ. ಅವರು ಸರಿಯಾಗಿ ಹೇಳಿದ ಮೇಲೆಯೇ ಕವರ್ ಕೈಗೆ ಕೊಡಬೇಕು.

ಸರ್ಟಿಫಿಕೇಟ್ ಬೇಡ ಅನ್ನುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರದ ಎನ್‌ಕ್ಯೂಎಎಸ್ ಎಂಬ ಗುಣಮಟ್ಟದ ಮಾನದಂಡ ಇದೆ. ಅದರ ಪರಿಶೀಲನೆಗೆ ಬಂದವರು ದಾಖಲೆ ನೋಡುವುದರ ಜೊತೆಗೆ ಸಿಬ್ಬಂದಿಯನ್ನೂ ರೋಗಿಗಳನ್ನೂ ಮಾತಾಡಿಸುತ್ತಾರೆ. ನಮ್ಮದೇ ಜಿಲ್ಲೆಯ ಕಯ್ಯೂರಿನ ಕುಟುಂಬ ಆರೋಗ್ಯ ಕೇಂದ್ರ ಅದರಲ್ಲಿ ಶೇಕಡಾ 99 ಅಂಕ ಪಡೆದಿತ್ತು. ಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಆದದ್ದು ನಿಮಗೂ ಆಗುತ್ತದೆ. ನಿಮ್ಮಂಥ ಖಾಸಗಿಯವರಿಗೆ, ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್ ಇದೆ. ಮೇಲೆ ಹೇಳಿದ್ದನ್ನು ಆರು ತಿಂಗಳು ಮಾಡಿ, ಆಮೇಲೆ ಅರ್ಜಿ ಹಾಕಿ.

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಟೀಚರ್. ಮಕ್ಕಳ ಅಂಕ ಕಡಿಮೆ. ಸಂಜೆ ಹೆಚ್ಚುವರಿ ಕ್ಲಾಸ್ ಮಾಡಿದರೂ ಏರುತ್ತಿಲ್ಲ. ಈ ಗುಣಮಟ್ಟದ ಲೆಕ್ಕಾಚಾರ ಕಾರ್ಖಾನೆಗೆ ಸರಿ, ಶಾಲೆಗೆ ಆಗುತ್ತದಾ ಮೇಡಂ?
– ಓದುಗರು, ಮುಳ್ಳೇರಿಯಾ

ಉತ್ತರ: ಖಂಡಿತ ಆಗುತ್ತದೆ. ಅಮೆರಿಕದಲ್ಲಿ 1987ರಲ್ಲಿ ಮಾಲ್ಕಮ್ ಬಾಲ್ಡ್ರಿಜ್ ಹೆಸರಿನಲ್ಲಿ ಗುಣಮಟ್ಟದ ಪ್ರಶಸ್ತಿ ಶುರುವಾದದ್ದು ವ್ಯಾಪಾರ, ಉದ್ಯಮದವರಿಗಾಗಿ. 1999ರಲ್ಲಿ ಅದನ್ನು ಶಾಲೆಗಳಿಗೂ ಆಸ್ಪತ್ರೆಗಳಿಗೂ ತೆರೆದರು. ಮೂವರನ್ನೂ ಕೇಳುವುದು ಹೆಚ್ಚುಕಡಿಮೆ ಒಂದೇ: ನೀವು ಯಾರಿಗಾಗಿ ಕೆಲಸ ಮಾಡುತ್ತೀರೋ ಅವರಿಗೆ ಏನು ಸಿಕ್ಕಿತು, ಅದು ನಿಮಗೆ ಹೇಗೆ ಗೊತ್ತು?

ಹೆಚ್ಚುವರಿ ಕ್ಲಾಸಿನಲ್ಲಿ ಅದೇ ಪಾಠವನ್ನು ಮತ್ತೆ ಹೇಳಿದರೆ ಮಗು ಎಡವಿದ ಜಾಗ ಹಾಗೇ ಉಳಿಯುತ್ತದೆ. ಕಳೆದ ಪರೀಕ್ಷೆಯಲ್ಲಿ ತಪ್ಪಾದ ಒಂದು ವಾಕ್ಯ ಲೆಕ್ಕ ತೆಗೆದುಕೊಳ್ಳಿ. ಒಂದೊಂದೇ ಮಗುವನ್ನು ಹತ್ತಿರ ಕೂರಿಸಿ. ಪ್ರಶ್ನೆ ಓದು. ಏನು ಕೇಳಿದ್ದಾರೆ ಹೇಳು. ಹೇಗೆ ಮಾಡುತ್ತೀ? ಮಾಡಿ ತೋರಿಸು. ಈಗ ಉತ್ತರ ಬರೆ. 1977ರಲ್ಲಿ ಆಸ್ಟ್ರೇಲಿಯಾದ ಆನ್ ನ್ಯೂಮನ್ ತೋರಿಸಿಕೊಟ್ಟ ದಾರಿ ಇದು. ಮಗು ಈ ಐದರಲ್ಲಿ ಎಲ್ಲಿ ನಿಂತಿತೋ ಅಲ್ಲೊಂದು ಗುರುತು ಹಾಕಿ.

ನಿಮ್ಮ ತರಗತಿಯಲ್ಲಿ ಮನೆಮಾತು ತುಳು, ಮರಾಠಿ, ಮಲಯಾಳ, ಹವ್ಯಕ ಕನ್ನಡ ಎಲ್ಲ ಇರುತ್ತದೆ. ಪುಸ್ತಕದ ಕನ್ನಡ ಅದರಲ್ಲಿ ಬಹಳ ಮಕ್ಕಳಿಗೆ ದೂರದ್ದು. ಗುರುತುಗಳು ಮೊದಲ ಎರಡರಲ್ಲೇ ಜಾಸ್ತಿ ಬಿದ್ದರೆ ಕೂಡುವುದು, ಕಳೆಯುವುದನ್ನು ಇನ್ನಷ್ಟು ಮಾಡಿಸಿ ಪ್ರಯೋಜನವಿಲ್ಲ. ಆ ಸಂಜೆಯ ಹೊತ್ತಿನಲ್ಲಿ ಲೆಕ್ಕ ಬಿಡಿಸುವುದೇ ಬೇಡ. ಮಕ್ಕಳು ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಮನೆಮಾತಿನಲ್ಲಿ ಹೇಳಿ, ಚಿತ್ರ ಬರೆಯಲಿ. ಮುಂದಿನ ಯುನಿಟ್ ಟೆಸ್ಟ್ ಆದ ಮೇಲೆ ಮತ್ತೆ ಗುರುತು ಹಾಕಿ ನೋಡಿ. ಕನ್ನಡ ಟೀಚರನ್ನೂ ಜೊತೆಗೆ ಸೇರಿಸಿಕೊಳ್ಳಿ, ದಯವಿಟ್ಟು.

ಪ್ರಶ್ನೆ: ನಾವು ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಸೇರಿ ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಮಳೆಗಾಲದಲ್ಲಿ ಕೆಲವು ಪ್ಯಾಕೆಟ್‌ಗೆ ಬೂಸ್ಟು ಹಿಡಿದು ಅಂಗಡಿಯಿಂದ ವಾಪಸ್ ಬರುತ್ತವೆ. ಎಲ್ಲ ಅಲ್ಲ, ಕೆಲವು ಮಾತ್ರ.
– ಓದುಗರು, ಪೆರ್ಲ

ಉತ್ತರ: ಕೆಲವು ಮಾತ್ರ ಅಂದಿರಲ್ಲ, ಉತ್ತರ ಅದರಲ್ಲೇ ಇದೆ. ಹಾಳಾದ ಪ್ಯಾಕೆಟ್ ಯಾವ ದಿನದ್ದು ಅಂತ ಗೊತ್ತಾಗಬೇಕು. ಪ್ರತಿ ಪ್ಯಾಕೆಟ್ ಮೇಲೆ ಒಣಗಿಸಿದ ತಾರೀಕು, ಪ್ಯಾಕ್ ಮಾಡಿದ ತಾರೀಕು ಬರೆಯಿರಿ. ಒಂದು ಪುಸ್ತಕದಲ್ಲಿ ಆ ದಿನ ಬಿಸಿಲಿತ್ತಾ, ಮೋಡವಿತ್ತಾ, ಹಪ್ಪಳ ಎಷ್ಟು ದಪ್ಪ ಒತ್ತಿದಿರಿ ಅಂತ ಒಂದು ಸಾಲು ಬರೆದಿಡಿ. ದಪ್ಪ ಹಪ್ಪಳ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ, ಆದ್ದರಿಂದ ಹಿಟ್ಟಿನ ಉಂಡೆಗಳನ್ನು ತಕ್ಕಡಿಯಲ್ಲಿ ತೂಗಿ ಒಂದೇ ಸಮ ಮಾಡಿ. ಬಿಸಿಲಿನಿಂದ ತೆಗೆದ ಬಿಸಿಯಲ್ಲೇ ಪ್ಲಾಸ್ಟಿಕ್‌ಗೆ ತುಂಬಿದರೆ ತಣಿಯುವಾಗ ಒಳಗೆ ಬೆವರುತ್ತದೆ, ಬೂಸ್ಟಿಗೆ ಅಷ್ಟು ಸಾಕು. ನೆರಳಲ್ಲಿ ಪೂರ್ತಿ ತಣಿಸಿ ಆ ಕೂಡಲೇ ಗಾಳಿಯಾಡದಂತೆ ಕಟ್ಟಿ, ರಾತ್ರಿಯಿಡೀ ಹೊರಗೆ ಬಿಟ್ಟರೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ಪ್ರತಿ ದಿನದ ಒಂದು ಪ್ಯಾಕೆಟ್ ಮಾರದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಅಂಗಡಿಯಿಂದ ವಾಪಸ್ ಬಂದ ದಿನ ಅದೇ ತಾರೀಕಿನದನ್ನು ಒಡೆದು ನೋಡಿ. ನಿಮ್ಮದು ಚೆನ್ನಾಗಿದ್ದರೆ ಅಂಗಡಿಯಲ್ಲಿ ಎಲ್ಲಿ ಇಟ್ಟಿದ್ದರು ಅಂತ ವಿಚಾರಿಸಿ. ಅದಕ್ಕೂ ಬೂಸ್ಟು ಬಂದಿದ್ದರೆ ಆ ತಾರೀಕಿನ ಉಳಿದ ಪ್ಯಾಕೆಟ್‌ಗಳನ್ನೆಲ್ಲ ಅವತ್ತೇ ಅಂಗಡಿಗಳಿಂದ ತಿರುಗಿ ತನ್ನಿ, ಅವರು ಹೇಳುವವರೆಗೆ ಕಾಯಬೇಡಿ.