ಪ್ರತಿಕ್ರಿಯೆ: ಚರ್ಚಿನ ಹಾಡುಪುಸ್ತಕ ಅಷ್ಟು ದೊಡ್ಡದು ಯಾಕೆ?

ಹಳೇ ಕಾಲದ ಯುರೋಪಿನ ಚರ್ಚುಗಳಲ್ಲಿ ಒಬ್ಬೊಬ್ಬರೂ ಅಷ್ಟು ದಪ್ಪ ಹಾಡುಪುಸ್ತಕ ಹಿಡಿದುಕೊಂಡು ಹಾಡುತ್ತಿದ್ದರಾ, ಅದರಲ್ಲಿ ಅಷ್ಟೊಂದು ಚಿತ್ರ ಯಾಕೆ ಅಂತ ಕೇಳಿದ್ದೀರಿ. ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಎತ್ತರದ ಪೀಠದ ಮೇಲೆ ಒಂದೇ ಪುಸ್ತಕ ಇಟ್ಟು, ಹಾಡುಗಾರರೆಲ್ಲರೂ ಎದುರು ನಿಂತು ಅದನ್ನೇ ನೋಡಿ ಹಾಡುತ್ತಿದ್ದರು. ಮಸುಕು ಬೆಳಕಿನಲ್ಲಿ ಹಿಂದೆ ನಿಂತವರಿಗೂ ಕಾಣಬೇಕಲ್ವಾ? ಅದಕ್ಕೇ ಆ ಗಾತ್ರ. ಹಾಳೆಗಳು ಹದ ಮಾಡಿದ ಪ್ರಾಣಿಚರ್ಮ. ಸಾಮಾನ್ಯವಾಗಿ ಸ್ವರ ಗುರುತಿಸಲು ನಾಲ್ಕು ಗೆರೆ, ಅದರ ಮೇಲೆ ಚೌಕಾಕಾರದ ಸ್ವರಚಿಹ್ನೆಗಳು, ಕೆಳಗೆ ಹಾಡಿನ ಲ್ಯಾಟಿನ್ ಸಾಲು.

ಚಿತ್ರಗಳು ಸುಮ್ನೆ ಅಂದಕ್ಕೆ ಮಾತ್ರ ಅಲ್ಲ. ದೊಡ್ಡ ಹಬ್ಬದ ಹಾಡು ಶುರುವಾಗುವ ಕಡೆ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು, ಅದರ ಹೊಟ್ಟೆಯೊಳಗೆ ಆ ಹಬ್ಬದ ಕಥೆ ಬಿಡಿಸುತ್ತಿದ್ದರು. ಈಸ್ಟರ್ ಆದರೆ ಏಸು ಮತ್ತೆ ಎದ್ದ ದೃಶ್ಯ. ಪುಟ ತಿರುವಿದರೆ ಜಾಗ ಥಟ್ಟನೆ ಸಿಗುತ್ತದೆ. ಮಾಡಿಸಿದವರ ಶ್ರೀಮಂತಿಕೆ ತೋರಿಸುವುದೂ ಇತ್ತೆನ್ನಿ, ಚಿನ್ನದ ರೇಕು ಅಗ್ಗವೇನಲ್ಲ!

ನೋಡಬೇಕೆಂದರೆ ಇಟಲಿಯ ಸಿಯೆನಾ ಕೆಥೆಡ್ರಲ್‌ನ ಪಿಕ್ಕೊಲೊಮಿನಿ ಲೈಬ್ರರಿಗೆ ಹೋಗಿ. 1460-70ರ ದಶಕಗಳಲ್ಲಿ ಲಿಬೆರಾಲೆ ದ ವೆರೋನಾ, ಜಿರೋಲಾಮೊ ದ ಕ್ರೆಮೋನಾ ಚಿತ್ರ ಬರೆದ ಪುಸ್ತಕಗಳನ್ನು ಅಲ್ಲಿ ಬಿಚ್ಚಿಟ್ಟಿದ್ದಾರೆ. ಲಿಬೆರಾಲೆ ಬರೆದ, ಕೂದಲು ಹಾರಿಸಿಕೊಂಡ ಗಾಳಿದೇವರ ಚಿತ್ರ ನನಗೆ ಎಲ್ಲಕ್ಕಿಂತ ಇಷ್ಟ.

ಮ್ಯೂಸಿಯಂಗಳಲ್ಲಿ ಒಂಟಿ ಅಕ್ಷರಗಳನ್ನು ಕಂಡರೆ ಬೇಜಾರಾಗುತ್ತದೆ. 19ನೇ ಶತಮಾನದಲ್ಲಿ ಎಷ್ಟೋ ಪುಸ್ತಕಗಳಿಂದ ಚಿತ್ರ ಕತ್ತರಿಸಿ ಮಾರಿಬಿಟ್ಟರು. ಕೆಲವು ತುಂಡುಗಳ ಹಿಂಬದಿಯಲ್ಲಿ ಅರ್ಧ ಸಾಲಿನ ಹಾಡು ಈಗಲೂ ಇದೆ.